ಹಾಡಿನ ನಡುವೆ ಕೈಚಾಚಿದ್ದು

ಹಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಅದು ಆರುವಷ್ಟರಲ್ಲಿ ಎಡಗೈಯಿಂದ ಫೋನು ತೆಗೆದು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಬಲಗೈಗೆ ಹಿಟ್ಟು ಮೆತ್ತಿರುತ್ತದಲ್ಲ, ಎಡಗೈ ಹೆಬ್ಬೆರಳೇ ಎಲ್ಲ ಕೆಲಸ ಮಾಡಬೇಕು. ಆ ದಿನವೂ ಹಾಗೆಯೇ. ಗೋಡೆಯಾಚೆ ಪಕ್ಕದ ಮನೆಯಾಕೆ ಅಂಗಳಕ್ಕೆ ನೀರು ಹೊಡೆಯುತ್ತಿದ್ದರು. ಎರಡೂ ಮನೆಗೆ ಒಂದೇ ಗೋಡೆ. ಅವರು ಕೊಡ ನೆಲಕ್ಕಿಟ್ಟರೆ ನಮ್ಮ ಮಾಡದಲ್ಲಿರುವ ಸ್ಟೀಲಿನ ಡಬ್ಬಿಗಳು ಸಣ್ಣಗೆ ನಡುಗುತ್ತವೆ. ಫೋನಿನಲ್ಲಿ, ಹಿಂದಿನ ದಿನ ನಮ್ಮ ಜಾಲತಾಣಕ್ಕೆ ನೆರವು ಕೊಟ್ಟವರ ಹೆಸರುಗಳಿದ್ದವು. ಇಷ್ಟು ಹೆಸರು ಒಟ್ಟಿಗೆ ನಾನು ಯಾವತ್ತೂ ಕಂಡಿರಲಿಲ್ಲ. ಓದುತ್ತ ನಿಂತದ್ದಕ್ಕೆ ರೊಟ್ಟಿ ಒಂದು ಮಗ್ಗುಲು ಕರಿದಾಯಿತು. ಅದನ್ನು ನನ್ನ ಪಾಲಿಗೆ ಎತ್ತಿಟ್ಟು ಮುಂದಿನದನ್ನು ತಟ್ಟಿದೆ. ತಟ್ಟುವಾಗ ನೆರವು ಕೇಳಲೆಂದು ನಾನೇ ಕಟ್ಟಿದ್ದ ಮೂರು ಸಾಲಿನ ನುಡಿಯನ್ನು ಗುನುಗುತ್ತಿದ್ದೆ ಅಂತಲೂ ನೆನಪಿದೆ.

ಜಾಲತಾಣ ಅಂದರೆ ದೊಡ್ಡದೇನಲ್ಲ. ನಮ್ಮ ಕಡೆಯ ಹೆಂಗಸರ ಹಾಡುಗಳು: ಸೋಬಾನೆ, ತೊಟ್ಟಿಲ ಹಾಡು, ಬಸುರಿಯ ಸೀಮಂತಕ್ಕೆ ಹಾಡುವ ಕುಬಸದ ಹಾಡು, ಬೀಗರನ್ನು ಕೆಣಕುವ ಬೀಗರ ಹಾಡು. ಸುರಪುರದ ಒಬ್ಬ ನಿವೃತ್ತ ಶಿಕ್ಷಕಿ ಹಳ್ಳಿಹಳ್ಳಿ ತಿರುಗಿ ಹಾಡಿಸಿಕೊಂಡು ಬರುತ್ತಾರೆ. ನಾನು ಶಹಾಪುರದ ನನ್ನ ಮನೆಯಲ್ಲಿ ಕುಳಿತು, ಕೇಳಿ ಕೇಳಿ ಸಾಲುಗಳನ್ನು ಬರೆದು ಏರಿಸುತ್ತೇನೆ. ಯಾದಗಿರಿಯ ಒಬ್ಬ ಕಂಪ್ಯೂಟರ್ ಟೀಚರ್ ಒಳಗಿನ ಯಂತ್ರದ ಕೆಲಸ ನೋಡಿಕೊಳ್ಳುತ್ತಾಳೆ. ಮೂವರೂ ಸಂಬಳವಿಲ್ಲದವರು. ಆದರೆ ಅಷ್ಟೂ ಧ್ವನಿಗಳನ್ನು ಇಟ್ಟಿರುವ ಜಾಗಕ್ಕೆ ವರ್ಷಕ್ಕೊಮ್ಮೆ ಬಾಡಿಗೆ ಕಟ್ಟಬೇಕು. ಕಟ್ಟದಿದ್ದರೆ ಅವರು ಎಲ್ಲವನ್ನೂ ಅಳಿಸಿಹಾಕುತ್ತಾರೆ. ಹಾಡಿದವರಲ್ಲಿ ಕೆಲವರು ಈಗಿಲ್ಲ.

ಹಾಗಾಗಿ ಕೇಳಲೇಬೇಕಿತ್ತು. ಕೇಳುವ ಮಾತು ಬರೆಯುವ ಕೆಲಸ ನನಗೆ ಬಂತು. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್‌ಗಳು ವರ್ಷಕ್ಕೊಮ್ಮೆ ನಮ್ಮ ಕೈಗೆ ಒಂದೊಂದು ರಟ್ಟಿನ ಡಬ್ಬಿ ಕೊಟ್ಟು, ಬಡಮಕ್ಕಳಿಗಾಗಿ ಮನೆಮನೆಗೆ ಹೋಗಿ ಕೇಳಿ ಬನ್ನಿ ಅನ್ನುತ್ತಿದ್ದರು. ಬೀದಿಯ ಮೊದಲನೇ ಬಾಗಿಲಿಗೇ ನನ್ನ ನಾಲಿಗೆ ಒಣಗುತ್ತಿತ್ತು. ಮನುಷ್ಯರ ಮುಖ ನೋಡಿ ಕೇಳುವುದು ನನ್ನಿಂದ ಇವತ್ತಿಗೂ ಆಗದು. ಆದರೆ ಫೋನಿನ ಮೇಲೆ ಬರುವ ಪೆಟ್ಟಿಗೆಗೆ ಮುಖವಿಲ್ಲವಲ್ಲ. ಬರೆದೆ: ‘ಈ ತಾಣವು ನಿಮ್ಮ ನೆರವಿನಿಂದ ನಡೆಯುತ್ತದೆ. ದಯವಿಟ್ಟು ಕೈಲಾದಷ್ಟು ಸಹಾಯ ಮಾಡಿ.’ ತಿಂಗಳಿಗೊಮ್ಮೆ, ಒಂದು ಫೋನಿಗೆ ಒಂದೇ ಸಲ, ಹಾಡು ಮುಗಿದ ಮೇಲೆ ತೋರಿಸುವುದು ಎಂದು ಮಾತಾಯಿತು. ಯಾರೂ ಓದಲಿಲ್ಲ. ಹಾಡು ಮುಗಿದ ಮೇಲೆ ಕೆಳಗೆ ಯಾರು ಹೋಗುತ್ತಾರೆ? ಎದ್ದು ಮನೆಗೆ ಹೋಗುತ್ತಾರೆ.

ಬಾಡಿಗೆಯ ದಿನ ಹತ್ತಿರ ಬಂದಾಗ ಸುರಪುರದ ಶಿಕ್ಷಕಿ ಫೋನಿನಲ್ಲಿ ರೇಗಿದರು. “ಅಳಲಾರದ ಕೂಸಿಗಿ ಹಡದಾಕಿನೂ ಹಾಲು ಕುಡಸೂದಿಲ್ಲ. ನೀವು ಹಿಂಗ ಬಾಯಿಗಿ ಸೆರಗು ಮುಚ್ಚಿಕೊಂಡು ಕೇಳಿದ್ರ ಯಾರು ಕೊಡ್ತಾರ? ಜೋರು ಕೇಳ್ರಿ, ಸಲ ಸಲ ಕೇಳ್ರಿ.”

ಎಷ್ಟು ಸಲ ಎಂಬುದೇ ಆಮೇಲಿನ ಚರ್ಚೆ. ದಿನಾ ತೋರಿಸೋಣ ಎಂದೆ ನಾನು. ಯಾದಗಿರಿಯ ಟೀಚರ್ ಒಪ್ಪಲಿಲ್ಲ. ದಿನಾ ಬಂದರೆ ಜನ ತಾಣವನ್ನೇ ಬಿಡುತ್ತಾರೆ ಎಂದಳು. ಕೊನೆಗೆ ಒಂದು ಫೋನಿಗೆ ವಾರಕ್ಕೊಮ್ಮೆ ಎಂದಾಯಿತು. ಅದೂ ಎಲ್ಲ ಫೋನಿಗಲ್ಲ. ಚೀಟಿ ಎತ್ತಿದ ಹಾಗೆ ಯಂತ್ರವೇ ಕೆಲವನ್ನು ಆರಿಸುತ್ತದೆ. ಮನವಿ ಕಂಡವರು ಎಷ್ಟು ಕೊಟ್ಟರು, ಕಾಣದವರು ಎಷ್ಟು ದಿನ ಬಂದರು ಎಂದು ಹೋಲಿಸಿ ನೋಡಬಹುದು ಎಂಬುದು ಅವಳ ಲೆಕ್ಕ. ಎಲ್ಲಿ ತೋರಿಸುವುದು, ಹೇಗೆ ತೋರಿಸುವುದು ಎಂಬುದನ್ನು ನನಗೇ ಬಿಟ್ಟಳು.

ನನಗೆ ಒಂದು ಉಪಾಯ ಹೊಳೆಯಿತು. ಜನ ಹಾಡು ಓದಲು ಬರುತ್ತಾರೆ, ಹಾಡಿನಲ್ಲೇ ಕೇಳಿದರೆ? ಒಂದು ಮಧ್ಯಾಹ್ನ ಕುಳಿತು ಕಟ್ಟಿದೆ:

ಬಂದೀರಿ ನಮ್ಮನಿಗೆ, ಕುಂತೀರಿ ಹಾಡ ಕೇಳಿ,
ತಂದೀರೇನವ್ವ ಸೆರಗೀಲಿ । ಸೋ
ಗಂಟೀಟು ಬಿಚ್ಚಿ ಹೋಗೀರಿ । ಸೋ

‘ನಮ್ಮನಿ’ ಅಂದರೆ ನಮ್ಮ ತಾಣ, ‘ಗಂಟು’ ಅಂದರೆ ಹೆಂಗಸರು ಸೆರಗಿನ ತುದಿಗೆ ಕಟ್ಟಿಕೊಳ್ಳುವ ಚಿಲ್ಲರೆ. ಎಷ್ಟು ಚಂದ ಕೂತಿತು ಎಂದು ನನಗೇ ನನ್ನ ಮೇಲೆ ಮೆಚ್ಚುಗೆ. ಟೀಚರ್ ಇದನ್ನು ಬೇರೆ ಬಣ್ಣದ ಪೆಟ್ಟಿಗೆಯಲ್ಲಿ ಹಾಕೋಣ ಎಂದಳು.

“ಬ್ಯಾಡ ಬಿಡವ್ವಾ, ಪೆಟ್ಟಿಗಿ ಕಂಡ ಕೂಡಲೆ ಮಂದಿ ಮುಚ್ಚತಾರ,” ಎಂದೆ. “ಅದ ಅಕ್ಷರ, ಅದ ಬಣ್ಣ ಇರಲಿ. ಹಾಡಿನ ನಡುಕ ಒಂದು ನುಡಿ ಇದ್ದಂಗ ಬರಲಿ.”

“ಹಾಡು ಯಾವುದು, ನಮ್ಮದು ಯಾವುದು ಅಂತ ಗೊತ್ತಾಗಬೇಕಲ್ರಿ ಅಕ್ಕಾ?”

“ಓದಿದ್ರ ಗೊತ್ತಾಗ್ತದ.”

ಹಾಡುವವರು ಓದುವುದಿಲ್ಲ, ಹಾಡುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ. ವರ್ಷಗಟ್ಟಲೆ ಅವರ ಧ್ವನಿ ಕೇಳಿ ಕೇಳಿ ಬರೆದವಳಿಗೆ ಅದೊಂದು ಹೊಳೆಯಲಿಲ್ಲ.

ರೊಟ್ಟಿ ಮುಗಿಸಿ, ಮನೆಯವರ ಡಬ್ಬಿ ಕಟ್ಟಿ ಕಳಿಸಿ, ಹಂಚು ಇಳಿಸುತ್ತಿದ್ದಾಗ ಫೋನು ಬಂತು. ತಪ್ಪು ಕಂಡರೆ ತಿಳಿಸಲಿ ಎಂದು ತಾಣದ ಅಡಿಯಲ್ಲಿ ನನ್ನ ನಂಬರು ಹಾಕಿದ್ದೇನೆ. ಹೆಣ್ಣು ಧ್ವನಿ, ತುಸು ಒಡೆದ, ಹಾಡಿ ಪಳಗಿದ ಧ್ವನಿ.

“ಹಾಡು ಬರಿಯೋ ಅಕ್ಕಾರೇನ್ರಿ? ನಾ ಶಿರವಾಳದಿಂದ ಮಾತಾಡಾಕತ್ತೇನಿ. ಕುಬಸದ ಹಾಡು ಐತೆಲ್ರಿ, ಒಂಬತ್ತು ತಿಂಗಳಿಂದು? ಅದರಾಗ ಒಂದು ನುಡಿ ಕಳದೈತ್ರಿ.”

“ಕಳದೈತಿ ಅಂದ್ರ?”

“ಮೊನ್ನಿ ಇತ್ತು, ಈಗಿಲ್ಲ. ಮೂರನೇ ತಿಂಗಳಾದ ಮ್ಯಾಲ, ನಾಕನೇದ್ದು ಬರೂಕಿಂತ ಮದಲ. ‘ಬಂದೀರಿ ನಮ್ಮನಿಗೆ’ ಅಂತ. ನನ್ನ ಫೋನಿನಾಗ ಎಷ್ಟು ಸಲ ತಗದ್ರೂ ಬರವಲ್ಲದು. ಗಂಡನ ಫೋನಿನಾಗೂ ಇಲ್ಲ. ಅದನ್ನೊಂದು ಹುಡುಕಿ ಕೊಡ್ರಿ ಅಕ್ಕಾರ, ನಿಮಗ ಪುಣ್ಯ ಬರ್ತೈತಿ. ಎಲ್ಲಾರೂ ನಾನ ಕಟ್ಟಿ ಹಾಡೀನಿ ಅನ್ನಾಕತ್ತಾರ.”

ಇಳಿಸಿದ ಹಂಚನ್ನು ಎಲ್ಲಿಡಬೇಕೋ ತಿಳಿಯದೆ ಹಾಗೆಯೇ ಹಿಡಿದು ನಿಂತೆ. ಅರಿವೆಯ ಮೂಲಕ ಬಿಸಿ ಬೆರಳಿಗೆ ತಾಗುವವರೆಗೂ.

ಅವಳು ಹೇಳಿದ್ದು ಇಷ್ಟು. ಅವಳ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ಚೊಚ್ಚಲ ಬಸಿರು. ಮೊನ್ನೆ ಶಿರವಾಳದ ಮನೆಯಲ್ಲಿ ಕುಬಸ. ಹುಡುಗಿಯ ತವರಿನವರು ಬಳಿಚಕ್ರದಿಂದ ಬುತ್ತಿ, ಸೀರೆ, ಹಸಿರು ಬಳೆ ತಂದಿದ್ದರು. ಉಡಿ ತುಂಬಿ, ಉಂಡು, ಅವತ್ತೇ ಮಗಳನ್ನು ಹೆರಿಗೆಗೆ ಕರೆದೊಯ್ಯುವುದೆಂದು ಮಾತು. ಹಾಡಲು ಇವಳೇ ಮುಂದು. ತಿಂಗಳಿಗೊಂದು ನುಡಿ, ಒಂಬತ್ತೂ ನೆನಪಿಲ್ಲವೆಂದು ಫೋನು ತೊಡೆಯ ಮೇಲಿಟ್ಟುಕೊಂಡು ಹಾಡಿದಳು. ಮೂರನೇ ತಿಂಗಳು ಮುಗಿದ ಕೂಡಲೇ ನನ್ನ ನುಡಿ ಬಂತು. ಇವಳು ರಾಗ ಬಿಡದೆ ಹಾಡಿದಳು. ಹಿಮ್ಮೇಳದ ಹೆಂಗಸರು ‘ಸೋ’ ಎಂದು ದನಿಗೂಡಿಸಿದರು. ಗಂಡಿನ ಮನೆಯ ಹೆಂಗಸರೆಲ್ಲ ತವರಿನವರು ತಂದ ಅಗ್ಗದ ಸೀರೆಯ ಕಡೆ ನೋಡಿ ನಕ್ಕರು. ಹುಡುಗಿಯ ತಾಯಿ ಎದ್ದರು. ಉಣ್ಣಲಿಲ್ಲ. ಮಗಳನ್ನೂ ಕರೆಯಲಿಲ್ಲ. ‘ನಿಮಗ ಸಾಲೂವಷ್ಟು ಗಂಟು ಕಟ್ಟಿಕೊಂಡು ಬರ್ತೇವಿ, ಅಲ್ಲೀತನ ನೀವ ಇಟ್ಟುಕೊಳ್ರಿ’ ಎಂದು ಹೊರಟೇ ಹೋದರು.

“ಹುಡುಗಿ ಗಂಟು ಕಟ್ಟಿಕೊಂಡು ಬಾಗಲದಾಗ ಕುಂತಾಳ್ರಿ ಅಕ್ಕಾರ. ಎರಡು ದಿನ ಆತು, ನನ್ನ ಕೂಡ ಮಾತು ಬಿಟ್ಟಾಳ. ನಮ್ಮತ್ತಿ ಬ್ಯಾರೆ, ‘ನಿನ್ನ ಬಾಯಿಗಿ ಬೆಂಕಿ ಹಾಕ, ಹಾಡು ಬರದಿದ್ರ ಸುಮ್ಮ ಕುಂದರಬೇಕಿಲ್ಲ’ ಅಂತಾಳ. ಆ ನುಡಿ ಹಾಡಿನಾಗ ಐತಿ ಅಂತ ಒಮ್ಮಿ ತೋರಿಸಿದ್ರ ನಾ ಗೆದ್ದೆ.”

ಒಮ್ಮೆ ಕಂಡ ಫೋನಿಗೆ ವಾರದ ತನಕ ಮತ್ತೆ ಬರುವುದಿಲ್ಲ. ಗಂಡನ ಫೋನಿಗೆ ಯಂತ್ರದ ಚೀಟಿ ಎದ್ದಿರಲಿಲ್ಲ. ನಾವು ಮೂವರು ಕುಳಿತು ಜಾಣತನದಿಂದ ಹಾಕಿದ ಲೆಕ್ಕ ಶಿರವಾಳದ ಒಬ್ಬ ಹೆಂಗಸನ್ನು ಸುಳ್ಳಿ ಮಾಡಿ ಕೂರಿಸಿತ್ತು.

“ಅದು ಹಾಡಿನ ನುಡಿ ಅಲ್ರಿ,” ಎಂದೆ. “ಅದನ್ನ ಕಟ್ಟಿದಾಕಿ ನಾನು.”

“ನೀವ್ಯಾಕ್ರಿ ನಮ್ಮ ಬೀಗರಿಗಿ ಬೈದ್ರಿ?”

ನಾನು ವಿವರಿಸಿದೆ. ಬಾಡಿಗೆ, ನೆರವು, ಎಲ್ಲ. ಹೇಳುತ್ತ ಹೋದಂತೆ ನನ್ನ ಮಾತು ಸಿಸ್ಟರ್‌ಗೆ ಕಾರಣ ಹೇಳುವ ಹುಡುಗಿಯ ಮಾತಿನಂತೆ ಕೇಳಿಸಿತು. ಅವಳು ಪೂರ್ತಿ ಕೇಳಿದಳು.

“ಇದನ್ನ ನೀವ ಬಂದು ಬಳಿಚಕ್ರದಾಗ ಹೇಳ್ರಿ,” ಎಂದಳು. “ನಾ ಹೇಳಿದ್ರ ಯಾರು ನಂಬತಾರ?”

ಫೋನಿನಲ್ಲೇ ಹೇಳಿದರಾಗದೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದು ಕ್ಷಮೆ ಬರೆದು ಕಳಿಸಿಬಿಡಬಹುದು ಎಂದೂ ಯೋಚಿಸಿದೆ. ಬರೆಯುವುದು ನನಗೆ ಸುಲಭ. ಬರೆದೇ ಅಲ್ಲವೇ ಇಷ್ಟೆಲ್ಲ ಆದದ್ದು? “ಬಸ್‌ಸ್ಟ್ಯಾಂಡಿಗೆ ಬರ್ರಿ, ಹೋಗೋಣು,” ಎಂದೆ.

ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಗುರುತಿಸಲು ಕಷ್ಟವಾಗಲಿಲ್ಲ. ನನ್ನ ವಯಸ್ಸಿಗಿಂತ ಸಣ್ಣವಳು, ಎತ್ತರದ ಆಳು, ಕಂಕುಳಲ್ಲಿ ಬಿಳಿ ಅರಿವೆಯ ಗಂಟು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇಷ್ಟು ಮೆತ್ತಗಿನ ಮಾರಿ ಐತಿ, ಅಂಥ ಬಿರುಸು ನುಡಿ ಹ್ಯಾಂಗ ಕಟ್ಟಿದ್ರಿ?” ಎಂದಳು. ಬೈದಳೋ ಹೊಗಳಿದಳೋ ತಿಳಿಯಲಿಲ್ಲ.

ಯಾದಗಿರಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತೆವು. ಗಂಟಿನಲ್ಲಿ ಕುಬಸದ ಶೇಂಗಾ ಹೋಳಿಗೆ ಇತ್ತು. ತವರಿನವರು ಮುಟ್ಟದೆ ಬಿಟ್ಟು ಹೋದದ್ದು. “ಉಣದ ಹೋದಾರ, ಅದು ನಮ್ಮನಿಗಿ ಛಲೋ ಅಲ್ಲ. ತಿಂದ್ರ ತಿನ್ನಲಿ, ಬಿಟ್ರ ಬಿಡಲಿ, ಮುಂದ ಇಡತೀನಿ,” ಎಂದಳು. ಭೀಮಾ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಕಿಟಕಿಯಿಂದ ಒಂದು ನಾಣ್ಯ ಎಸೆದು ಕೈಮುಗಿದಳು. ನನಗೂ ಒಂದು ಕೊಟ್ಟು, “ಹಾಕ್ರಿ, ನಿಮ್ಮ ಮಾತಿಗಿ ಬಲ ಬರಲಿ,” ಎಂದಳು. ಹಾಕಿದೆ.

“ಅಲ್ರಿ ಅಕ್ಕಾರ,” ಎಂದಳು ಸ್ವಲ್ಪ ಹೊತ್ತಿಗೆ, “ನೀವು ಖರೇ ದುಡ್ಡಿಗಿ ಕೇಳಿದ್ರಿ ಅಂದ್ರ, ನಾ ಹಾಡೂ ಮುಂದ ಯಾಕ ಕೇಳಿದ್ರಿ? ಹಾಡಾಕಿಗಿ ಉಸುರು ಬಿಡಾಕ ಜಾಗ ಇರೂದಿಲ್ಲ, ದುಡ್ಡು ಎಲ್ಲಿಂದ ಬಿಚ್ಚಲಿ?”

“ಮುಗದ ಮ್ಯಾಲ ಕೇಳಿದ್ರ ಯಾರೂ ನಿಂದ್ರೂದಿಲ್ರಿ.”

“ನಿಂದ್ರೂದಿಲ್ಲ, ಖರೆ. ನಾನೂ ನಿಂದ್ರೂದಿಲ್ಲ,” ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. “ಅವತ್ತ ನಾನೂ ನಕ್ಕೇನ್ರಿ. ಅದು ನಗಸೂಹಂಗ ಇತ್ತು. ಆ ಸೀರಿ ನೋಡಿ ನಕ್ಕೆ.”

ಹಿಂದೆ ಅವಳ ಕುಬಸಕ್ಕೆ ಅವಳ ತವರಿನವರು ರೇಷ್ಮೆ ಸೀರೆ ತಂದಿದ್ದರಂತೆ. ಅದನ್ನು ಅವಳು ಹೇಳಿದ್ದು ಬೇರೆ ಕಡೆ ನೋಡುತ್ತ.

ಯಾದಗಿರಿಯಲ್ಲಿ ಇಳಿದು ಬಳಿಚಕ್ರಕ್ಕೆ ಟಂಟಂ ಆಟೊ ಹಿಡಿದೆವು. ಊರಿನ ಹೊರಗೆ ತೊಗರಿ ಹೊಲಗಳು, ಕಾಯಿ ಕಟ್ಟಿದ ಗಿಡಗಳು. ಮಾತಿನ ಮಧ್ಯೆ ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ, ಮೊದಲು ಇದು, ಆಮೇಲೆ ಅದು ಅಂತ. ಬಾಗಿಲು ಮುಟ್ಟಿದಾಗ ಒಂದೂ ಉಳಿಯಲಿಲ್ಲ.

ಹುಡುಗಿಯ ತಾಯಿ ಪಡಸಾಲೆಯಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದರು. ನಮ್ಮನ್ನು ಕಂಡು ಎದ್ದು ತಂಬಿಗೆಯಲ್ಲಿ ನೀರು ತಂದಿಟ್ಟರು, ಮತ್ತೆ ಕುಳಿತು ಒಡೆಯತೊಡಗಿದರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅವರ ಹಿಂದೆ ಒಂದು ಕೋಣೆಯ ಬಾಗಿಲು ತೆರೆದಿತ್ತು. ನನ್ನ ಕಣ್ಣು ಅಲ್ಲಿಗೇ ಹೋಯಿತು. ಹೊಸದಾಗಿ ಸುಣ್ಣ ಹಚ್ಚಿದ ಗೋಡೆ. ಗಾಳಿ ಬಾರದಂತೆ ಕಿಟಕಿಗೆ ಹಳೆಯ ಚಾದರ ಬಡಿದಿದ್ದರು. ಹೊಸ ನುಲಿ ಹೆಣೆದ ಹೊರಸು. ಮೂಲೆಯಲ್ಲಿ ಹುಣಸೆಹುಳಿ ಹಚ್ಚಿ ಬೆಳಗಿದ ತಾಮ್ರದ ಹಂಡೆ, ಅದರ ಪಕ್ಕಕ್ಕೆ ನೀರು ಕಾಯಿಸಲು ಒಟ್ಟಿದ ಕುಳ್ಳು. ಬಾಣಂತಿಯ ಕೋಣೆ. ಎಲ್ಲ ಸಿದ್ಧವಾಗಿತ್ತು, ಹುಡುಗಿ ಮಾತ್ರ ಶಿರವಾಳದ ಬಾಗಿಲಲ್ಲಿ ಕುಳಿತಿದ್ದಳು.

“ಅತ್ತಿ,” ಎಂದಳು ಹಾಡುಗಾರ್ತಿ, “ಇವರು ಶಹಾಪುರದವರು. ಆ ನುಡಿ ಇವರು ಕಟ್ಟಿದ್ದು. ನಾ ಕಟ್ಟಿದ್ದಲ್ಲ.”

“ಹೌದ?” ಎಂದರು ತಾಯಿ, ತಲೆ ಎತ್ತದೆ. “ಶಹಾಪುರದವರಿಗೂ ಗೊತ್ತಾತೇನು ನಾ ಎಂಥ ಸೀರಿ ಒಯ್ದಿದ್ದೆ ಅಂತ?”

“ಹಂಗಲ್ರಿ, ತಾಯಿ...” ನಾನು ಆರಂಭಿಸಿದೆ. ಜಾಲತಾಣ ಅಂದೆ, ಬಾಡಿಗೆ ಅಂದೆ, ಎಲ್ಲರಿಗೂ ಬರುವಂಥದ್ದು, ನಿಮಗೆ ಅಂತಲ್ಲ ಅಂದೆ. ಅವರು ಕೈಯಲ್ಲಿದ್ದ ಶೇಂಗಾವನ್ನು ಚಟ್ಟನೆ ಒಡೆದರು.

“ಯಾಕ, ಇವರಿಗಿ ಏನು ಕೊಟ್ಟು ಕರಕೊಂಡು ಬಂದಿ? ಓದಿದವರು ಬಂದು ಹೇಳಿದ್ರ ಬಳಿಚಕ್ರದಾಕಿ ಬಾಯಿ ಮುಚ್ಚತಾಳ ಅಂತೇನು?”

ಹಾಡುಗಾರ್ತಿ ನನ್ನ ಕಡೆ ನೋಡಿದಳು. ತೋರಿಸಲೇಬೇಕಾಯಿತು. ನನ್ನ ಫೋನು ತೆಗೆದೆ. ಕುಬಸದ ಹಾಡು ತೆರೆದೆ. ಮೂರನೇ ತಿಂಗಳು, ನಾಲ್ಕನೇ ತಿಂಗಳು, ನಡುವೆ ಏನೂ ಇಲ್ಲ. ಆ ನುಡಿ ಹೇಗೆ ಕಾಣುತ್ತದೆಂದು ನಾನೇ ಹಿಂದಿನ ದಿನ ನೋಡಿ ಖುಷಿಪಟ್ಟಿದ್ದೆ, ಹಾಗಾಗಿ ನನ್ನ ಫೋನಿಗೂ ವಾರದ ಬಾಯಿಮುಚ್ಚು. ತಾಯಿ ಬಗ್ಗಿ ನೋಡಿ, “ಎಲ್ಲೈತಿ?” ಎಂದರು. ಆ ಒಂದು ಮಾತಿನಲ್ಲಿ ಹಾಡುಗಾರ್ತಿ ಎರಡು ದಿನದಿಂದ ಏನು ಉಂಡಿದ್ದಳೋ ಅದು ನನಗೂ ಬಡಿಸಿದಂತಾಯಿತು.

ಅಂಗಳಕ್ಕೆ ಹೋಗಿ ಯಾದಗಿರಿಯ ಟೀಚರ್‌ಗೆ ಫೋನು ಹಚ್ಚಿದೆ.

“ಆ ವಾರದ ಕಟ್ಟು ತಗೀತೀಯೇನವ್ವಾ? ಚೀಟಿನೂ ತಗಿ. ಈಗಿಂದೀಗ ಆ ನುಡಿ ಕಾಣಬೇಕು.”

“ಒಂದ ಫೋನಿಗಿ ತಗಿಯಾಕ ಬರೂದಿಲ್ರಿ ಅಕ್ಕಾ. ತಗದ್ರ ಎಲ್ಲಾರಿಗೂ ತಗೀಬೇಕು. ಪ್ರತಿ ಹಾಡಿಗೂ ಬರ್ತದ, ಪ್ರತಿ ಸಲನೂ ಬರ್ತದ.”

“ಬರಲಿ. ತುಸು ಹೊತ್ತು ಅಷ್ಟ.”

“ದಿನಾ ತೋರಿಸೋಣು ಅಂದಾಗ ಬ್ಯಾಡಂದೆ, ಈಗ ಇದು,” ಎಂದು ನಕ್ಕಳು. ಏನಾಗಿದೆಯೆಂದು ಅವಳಿಗೆ ನಾನು ಹೇಳಿರಲಿಲ್ಲ. “ನಂದು ಕ್ಲಾಸ್ ಅದ. ನಿಮ್ಮ ಕೆಲಸ ಮುಗದ ಕೂಡಲೆ ಫೋನ್ ಮಾಡ್ರಿ, ತಿರುಗಿ ಹಾಕ್ತೀನಿ.”

ಒಳಗೆ ಬಂದು ಮತ್ತೆ ತೆರೆದೆ. ಬಂತು. ಮೂರನೇ ತಿಂಗಳ ಹುಣಸೆಕಾಯಿಯ ಬಯಕೆ ಮುಗಿದದ್ದೇ, ಅದೇ ಅಕ್ಷರ, ಅದೇ ಬಣ್ಣದಲ್ಲಿ, ನನ್ನ ನುಡಿ. ಹಾಡುಗಾರ್ತಿ “ನೋಡ್ರಿ ಅತ್ತಿ!” ಎಂದು ಕೂಗಿಯೇಬಿಟ್ಟಳು. ತಾಯಿ ಸೆರಗಿನಿಂದ ಕೈ ಒರೆಸಿಕೊಂಡು ಫೋನು ಹಿಡಿದು ಅಕ್ಷರ ಅಕ್ಷರ ಕೂಡಿಸಿ ಓದಿದರು. ಬಂ-ದೀ-ರಿ. ನ-ಮ್ಮ-ನಿ-ಗೆ. ನಾನು ಚಂದವೆಂದು ಮೆಚ್ಚಿಕೊಂಡಿದ್ದ ಸಾಲು ಹಾಗೆ ತುಂಡು ತುಂಡಾಗಿ ಆ ಕೋಣೆಯ ಎದುರು ಕೇಳಿಸಿದಾಗ ಅದರೊಳಗಿನ ಕೊಂಕು ನನಗೆ ಮೊದಲ ಸಲ ಕೇಳಿಸಿತು. ನಾನು ಅದನ್ನು ಕಟ್ಟುವಾಗ ಬೀಗರ ಹಾಡುಗಳನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಕೇಳುವವರು ಸ್ವಲ್ಪ ನಾಚಲಿ, ನಾಚಿದರೆ ಕೊಡುತ್ತಾರೆ ಎಂದುಕೊಂಡಿದ್ದೂ ಹೌದು. ನಾಚಿಸಬೇಕೆಂದೇ ಕಟ್ಟಿದ್ದು.

“ಬರೋಬರ್. ನಿಮ್ಮದ ಐತಿ,” ಎಂದು ತಾಯಿ ಫೋನು ವಾಪಸು ಕೊಟ್ಟರು. ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಅವರು ಹಾಡುಗಾರ್ತಿಯ ಕಡೆ ತಿರುಗಿದರು. “ನುಡಿ ಇವರದು. ನಕ್ಕದ್ದು ಯಾರದು?”

ಹಾಡುಗಾರ್ತಿ ತೊಡೆಯ ಮೇಲಿನ ಗಂಟನ್ನು ಸರಿಪಡಿಸಿದಳು.

“ಸಣ್ಣ ಸೀರಿನ ಒಯ್ದಿದ್ದೆ. ನನಗ ಗೊತ್ತಿಲ್ಲೇನು? ಅಂಗಡ್ಯಾಗ ಎರಡು ತಾಸು ನಿಂತು ಆರಿಸೀನಿ. ಹಸರು ಬಣ್ಣಕ ಕೆಂಪು ಅಂಚು, ಆಕಿಗಿ ಒಪ್ಪತೈತಿ ಅಂತ. ನೀವ್ಯಾರೂ ಅಂಚು ನೋಡಲಿಲ್ಲ.”

“ತಪ್ಪಾತ್ರಿ,” ಎಂದೆ ನಾನು. ಇಡೀ ದಾರಿ ಜೋಡಿಸಿಕೊಂಡು ಬಂದ ಮಾತುಗಳ ಬದಲು ಅಷ್ಟೇ ಬಂತು. “ನಾ ಆ ನುಡಿ ಇವತ್ತ ತಗದು ಹಾಕ್ತೀನಿ.”

“ತಗದ್ರ ಏನಾತು? ಮಂದಿ ಕೇಳಿ ಆತು, ನಕ್ಕೂ ಆತು.” ಅವರು ಒಂದು ಮುಷ್ಟಿ ಶೇಂಗಾ ಮೊರದಲ್ಲಿ ಹಾಕಿ ಕೇರಿದರು, ಸಿಪ್ಪೆ ಹಾರಿಸಿದರು. ಹಾಗೆಯೇ ಹೇಳಿದರು, “ಬೀಗರು ಹಾಡಿದ್ರ ತಿರುಗಿ ಹಾಡಬೇಕಾಕ್ಕಿತ್ತು. ನಮ್ಮ ಕಡಿ ಹಾಡಾಕಿ ನಾನ. ಅವತ್ತ ಗಂಟಲ ಕಟ್ಟಿತು. ಎದ್ದು ಬಂದೆ. ಅದ ನನಗ ಸುಡಾಕತ್ತೈತಿ, ಸೀರಿ ಅಲ್ಲ.”

ಹಾಡುಗಾರ್ತಿಯ ಮುಖ ಅರಳಿದ್ದನ್ನು ನಾನು ನೋಡಿದೆ. ಗೊತ್ತಿದ್ದ ದಾರಿ ಕಂಡವರ ಮುಖ. “ಹಂಗಾರ ಈಗ ಹಾಡ್ರಿ ಅತ್ತಿ! ಬೀಗತಿ ಮುಂದ ಕುಂತೀನಿ. ಎಷ್ಟು ಬೇಕಷ್ಟು ಬೈರಿ.”

“ಹೋಗ, ಹುಚ್ಚಿ. ಶೇಂಗಾ ಒಡಿಯೂ ಹೊತ್ತಿನ್ಯಾಗ ಬೀಗರ ಹಾಡೇನು?”

“ಬರೂದಿಲ್ಲ ಅನ್ರಿ ಮತ್ತ. ಗಂಟಲ ಕಟ್ಟೈತಿ ಅಂತ ಶಿರವಾಳದಾಗ ಹೇಳತೀನಿ.”

ತಾಯಿ ಮೊರವನ್ನು ಕೆಳಗಿಟ್ಟರು. ಕಾಲು ಮಡಿಚಿ ಸರಿಯಾಗಿ ಕುಳಿತರು. ನಾನು ಕೇಳದೆಯೇ ಫೋನಿನ ಧ್ವನಿಮುದ್ರಣ ಒತ್ತಲು ಹೋದವಳು, ಬೆರಳನ್ನು ತಡೆದು, “ಹಿಡಕೊಳ್ಳಲೇನ್ರಿ?” ಎಂದು ಕೇಳಿದೆ. ಅವರು ನನ್ನನ್ನು ನೆಟ್ಟಗೆ ನೋಡಿದ್ದು ಆಗಲೇ.

“ಇದನ್ನ ಕೇಳೂ ಮಂದಿಗೂ ದುಡ್ಡು ಕೇಳತೀರೇನು?”

“ಇಲ್ರಿ.”

“ನಡುವ ಬಾಯಿ ಹಾಕತೀರೇನು?”

“ಇಲ್ರಿ ತಾಯಿ.”

“ಹಂಗಾರ ಹಿಡಕೊಳ್ರಿ.”

ಸಣ್ಣ ಧ್ವನಿ. ಮೊದಲ ಸಾಲಿಗೆ ನಡುಗಿತು, ಎರಡನೆಯದಕ್ಕೆ ಗಟ್ಟಿಯಾಯಿತು.

ಗಂಟ ಕೇಳೂ ಬೀಗತಿಯೆ, ಗಂಟ ಎಣಿಸಬ್ಯಾಡ,
ಹೊಟ್ಟ್ಯಾಗ ಹೊತ್ತ ಮಗಳನ್ನ । ಸೋ
ಕೊಟ್ಟೀನಿ, ಇನ್ನೇನು ಕೊಡಲವ್ವ । ಸೋ

‘ಸೋ’ ಎನ್ನಲು ಅಲ್ಲಿ ಇದ್ದದ್ದು ನಾವಿಬ್ಬರೇ. ಮೊದಲನೇ ‘ಸೋ’ ಹಾಡುಗಾರ್ತಿ ಒಬ್ಬಳೇ ಅಂದಳು. ಎರಡನೆಯದಕ್ಕೆ ನಾನೂ ಸೇರಿದೆ. ಎಷ್ಟೋ ಹಾಡುಗಳಿಗೆ ಈ ಅಕ್ಷರವನ್ನು ಬೆರಳಿನಿಂದ ಬರೆದವಳು, ಬಾಯಿಂದ ಅಂದದ್ದು ಅದೇ ಮೊದಲು.

ಹಾಡುಗಾರ್ತಿ ಮೂಗು ಒರೆಸಿಕೊಂಡು, “ಇದನ್ನ ಅವತ್ತ ಹಾಡಿದ್ರ ನಾ ಅಲ್ಲೇ ಸೋತು ಕಾಲಿಗಿ ಬೀಳತಿದ್ದೆ, ಎಪ್ಪಾ,” ಎಂದಳು. ಎಂದವಳು ನಿಜವಾಗಿಯೂ ಬಗ್ಗಿ ಕಾಲು ಮುಟ್ಟಿದಳು. ತಾಯಿ ಅವಳ ಬೆನ್ನಿಗೆ ಒಂದು ಗುದ್ದು ಹಾಕಿದರು, ಜೋರಾಗಿಯೇ.

“ಗಂಟಿನಾಗ ಏನೈತಿ?”

“ನೀವು ಬಿಟ್ಟು ಬಂದ ಹೋಳಿಗಿ.”

“ಬಿಚ್ಚು ಮತ್ತ. ಇವರಿಗೂ ಕೊಡು. ಮಾರಿ ಒಣಗೈತಿ.” ಆಮೇಲೆ, ಚಹಾಕ್ಕೆ ಒಲೆ ಹಚ್ಚಲು ಹೋಗುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದರು. “ಗುರುವಾರ ಬರ್ತೀನಂತ ಹುಡುಗಿಗಿ ಹೇಳು. ಮುಂಜಾನೆ ಬರ್ತೀನಿ. ಆ ಹಸರು ಸೀರಿ ಉಟ್ಟುಕೊಂಡು ತಯಾರಿರು ಅನ್ನು. ಎಲ್ಲಾರೂ ನೋಡಲಿ.”

ಹಾಡುಗಾರ್ತಿ ಅಲ್ಲಿಂದಲೇ ಶಿರವಾಳಕ್ಕೆ ಫೋನು ಮಾಡಿದಳು. ಆ ಕಡೆಯಿಂದ ಹುಡುಗಿಯ ಧ್ವನಿ ನನಗೆ ಸ್ಪಷ್ಟ ಕೇಳಲಿಲ್ಲ. “ಅಳಬ್ಯಾಡ, ಅಳಬ್ಯಾಡ, ಕೂಸು ಹೆದರ್ತೈತಿ,” ಎಂದು ಇವಳು ಹೇಳುತ್ತಿದ್ದುದು ಮಾತ್ರ ಕೇಳಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನಿದ್ದೆಹೋದಳು. ತಲೆ ನನ್ನ ಭುಜಕ್ಕೆ ತಾಗುತ್ತಿತ್ತು. ನಾನು ಮುಂದಿನ ನಿಯಮಗಳನ್ನು ಮನಸ್ಸಿನಲ್ಲಿ ಬರೆದುಕೊಂಡೆ. ಹಾಡಿನ ನಡುವೆ ಎಂದೂ ಕೇಳಬಾರದು. ಕೇಳುವ ಮಾತು ಹಾಡಿನ ವೇಷ ತೊಡಬಾರದು, ಬೇರೆ ಬಣ್ಣ, ಬೇರೆ ಪೆಟ್ಟಿಗೆ, ಕಣ್ಣಿಗೆ ಕಾಣುವಂಥ ಮುಚ್ಚುವ ಗುರುತು. ಕುಬಸ, ತೊಟ್ಟಿಲು, ಸಾವಿನ ಹಾಡುಗಳಿರುವ ಪುಟದಲ್ಲಿ ಬೇಡವೇ ಬೇಡ. ಉಳಿದವಕ್ಕೆ ಮತ್ತೆ ತಿಂಗಳಿಗೊಮ್ಮೆ. ಕಡಿಮೆ ಬಂದರೆ ಕಡಿಮೆ. ಬಾಡಿಗೆ ಹೇಗೆ ಕಟ್ಟುವುದೋ ಗೊತ್ತಿರಲಿಲ್ಲ. ಸುರಪುರದ ಶಿಕ್ಷಕಿಗೆ ಇದನ್ನು ಹೇಗೆ ಹೇಳುವುದೋ ಅದೂ ಗೊತ್ತಿರಲಿಲ್ಲ. ಆದರೂ, ಬೆಳಗಿನ ಆ ಹೆಸರುಗಳನ್ನು ನೆನೆಸಿಕೊಂಡಾಗಲೆಲ್ಲ ಮನಸ್ಸು ಹಿಂಜರಿಯುತ್ತಿತ್ತು. ಇವರಲ್ಲಿ ಎಷ್ಟು ಮಂದಿ ಹಾಡು ಮೆಚ್ಚಿ ಕೊಟ್ಟರು, ಎಷ್ಟು ಮಂದಿ ನಾಚಿ ಕೊಟ್ಟರು? ಹೆಸರು ನೋಡಿದರೆ ಅದು ಗೊತ್ತಾಗುವುದಿಲ್ಲ.

ಶಹಾಪುರದಲ್ಲಿ ಇಳಿದಾಗ ಹಾಡುಗಾರ್ತಿ ಶಿರವಾಳದ ಬಸ್ಸು ಹಿಡಿಯಲು ಓಡಿದಳು. ಓಡುತ್ತಲೇ ತಿರುಗಿ, “ಅಕ್ಕಾರ, ‘ಸೋ’ ಜರಾ ಜೋರು ಅನ್ನೂದು ಕಲೀರಿ!” ಎಂದು ಕೂಗಿದಳು. ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ನನ್ನನ್ನು ನೋಡಿದರು.

ಮನೆಗೆ ಬಂದು, ಕೈಕಾಲು ತೊಳೆದು, ದೀಪ ಹಚ್ಚಿದೆ. ಬೆಳಿಗ್ಗೆ ಇಳಿಸಿದ ಹಂಚು ಇಟ್ಟಲ್ಲೇ ಇತ್ತು. ಅದನ್ನು ತಿಕ್ಕಲೆಂದು ಹಿತ್ತಲಿಗೆ ತಂದೆ. ಮೋಟುಗೋಡೆಯ ಆ ಕಡೆ ಪಕ್ಕದ ಮನೆಯಾಕೆ ತೊಗರಿಕಾಯಿ ಸುಲಿಯುತ್ತ ಕುಳಿತಿದ್ದರು, ಫೋನನ್ನು ಗೋಡೆಗೆ ಒರಗಿಸಿ ನಮ್ಮ ಹಾಡು ಹಚ್ಚಿಕೊಂಡು, ತೆರೆಯ ಮೇಲಿನ ಸಾಲು ನೋಡಿ ದನಿಗೂಡಿಸುತ್ತ. ಅವರು ನಮ್ಮ ಹಾಡು ಕೇಳುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ.

“ಏನ್ರಿ, ಮುಂಜಾನಿಂದ ಕಾಣಲಿಲ್ಲ? ಎಲ್ಲಿ ಹೋಗಿದ್ರಿ?” ಎಂದರು.

“ಇಲ್ಲೇ, ಬಳಿಚಕ್ರಕ್ಕ.”

ಅವರು ಒಂದು ಕಾಯಿ ಬಿಡಿಸಿ ಕಾಳನ್ನು ಬುಟ್ಟಿಗೆ ಹಾಕಿ, ಫೋನಿನ ಕಡೆ ಗದ್ದ ತೋರಿಸಿದರು.

“ನಿಮ್ಮ ಹಾಡಿಗೇನಾಗೈತ್ರಿ ಇವತ್ತ? ಮಧ್ಯಾನದಿಂದ ಒಂದ ಸವನ ಗಂಟು ಬಿಚ್ಚು, ಗಂಟು ಬಿಚ್ಚು ಅನ್ನಾಕತ್ತೈತಿ. ಯಾವ ಹಾಡು ತಗದ್ರೂ ಅದ.”

ಯಾದಗಿರಿಗೆ ತಿರುಗಿ ಫೋನು ಮಾಡುವುದು ನಾನು ಮರೆತಿದ್ದೆ. ಹೋಳಿಗೆ ತಿಂದೆ, ಚಹಾ ಕುಡಿದೆ, ದಾರಿಯುದ್ದಕ್ಕೂ ನಿಯಮ ಬರೆದೆ, ಅದೊಂದನ್ನೇ ಮರೆತೆ. ಮಧ್ಯಾಹ್ನದಿಂದ ಇಲ್ಲಿಯವರೆಗೆ ಯಾವ ಯಾವ ಊರಿನ ಪಡಸಾಲೆಯಲ್ಲಿ, ಯಾವ ಯಾವ ತಾಯಂದಿರ ಎದುರು ಅದು ಹಾಡಿಸಿಕೊಂಡಿತೋ? ಬೂದಿಯ ಕೈಯಲ್ಲೇ ಸೊಂಟದ ಫೋನು ಹುಡುಕಿದೆ.

ಪಕ್ಕದ ಮನೆಯಾಕೆ ಇನ್ನೊಂದು ಕಾಯಿಗೆ ಕೈಹಾಕಿದರು.

“ಊರಿಗೆಲ್ಲ ಕೇಳತೀರಿ,” ಎಂದರು, ತಲೆ ಎತ್ತದೆ. “ಗ್ವಾಡಿಗಿ ಗ್ವಾಡಿ ಅಂಟಿ ಇದ್ದೇವಿ, ನನಗೊಮ್ಮಿನೂ ಬಾಯಿ ಬಿಟ್ಟು ಕೇಳಿಲ್ಲ ನೋಡ್ರಿ ನೀವು.”